ಟನ್ನಿಗೆ ಮುಕ್ಕಾಲು ಗ್ರಾಂ

ಈ ದಿಬ್ಬ ಯಾರು ಮಾಡಿದ್ದು, ತಾತ?
ಶೈನಿ ಕೇಳಿದ್ದು ದೇವನೇಸನನ್ನು.
ನಡುವೆ ನಾನು ಬಾಯಿ ಹಾಕಿದೆ:
ಯಾರೂ ಮಾಡಲಿಲ್ಲ ಮಗೂ, ಉಳೀತು.

ಚಾಂಪಿಯನ್ ರೀಫಿನ ಹಿಂದೆ, ಒಲೆಬೂದಿಯ ಬಣ್ಣ,
ನೆತ್ತಿ ಸಪಾಟು, ಪಕ್ಕೆ ತುಂಬ ಮಳೆಯ ಗೀರು.
ಹೊರಗಿನವರು ಬೆಟ್ಟವೆಂದೇ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.
ನಾವು ಸೈನೈಡ್ ದಿಬ್ಬ ಅನ್ನುತ್ತೇವೆ.

ದೇವನೇಸನಿಗೆ ಮೂವತ್ತು ವರ್ಷದಿಂದ ಒಂದೇ ವಾದ.
ಗಣಿಯ ಸೈರನ್ ಕೂಗಿತೆಂದರೆ ಗುಂಡಿ ಒತ್ತಿದ ಕೈ ಇದ್ದೇ ಇದೆ;
ಹಾಗೇ ಈ ಆಕಾಶ,
ಹುಣಸೆ ಹೂವಿನ ಒಳಗಿನ ಕೆಂಪು ಗೆರೆ,
ಮೊಮ್ಮಗಳ ಕಿವಿಯ ಸುರುಳಿ.
ಇಷ್ಟು ಅಚ್ಚುಕಟ್ಟು ತಾನಾಗಿ ಆಗುತ್ತಾ, ನೀನೇ ಹೇಳು.
ಆಗಲ್ಲ ಅನ್ನೋಣ.
ಮಾಡಿದವನು ಇದ್ದಾನೆ ಅನ್ನೋಣ.
ಏನು ಮಾಡಲು ಹೊರಟಿದ್ದ, ಅದನ್ನು ಹೇಳಪ್ಪ.

ನಾನು ಅಸೇ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ತೂಗಿದವನು.
ಕಲ್ಲು ಚೀಟಿ ಕಟ್ಟಿಕೊಂಡು ಬರುತ್ತಿತ್ತು, ಎಷ್ಟನೇ ಲೆವೆಲ್ಲು ಅಂತ.
ಪುಡಿ ಮಾಡಿ, ಸೀಸ ಕೂಡಿಸಿ, ಮೂಸೆಯಲ್ಲಿ ಕರಗಿಸಿ,
ಮೂಳೆಬೂದಿಯ ಪುಟ್ಟ ಬಟ್ಟಲಲ್ಲಿಟ್ಟು ಕುಲುಮೆಗೆ ತಳ್ಳಿದರೆ
ಸೀಸವನ್ನೆಲ್ಲ ಬಟ್ಟಲೇ ಕುಡಿದುಬಿಡುವುದು.
ಕೊನೆಗೆ ಫಳಕ್ಕೆಂದು ಒಂದು ಮಿಂಚು.
ನಡುವೆ ಉಳಿದದ್ದು ರಾಗಿಕಾಳಿಗಿಂತ ಸಣ್ಣದು.
ಗಾಜಿನ ಪೆಟ್ಟಿಗೆಯ ತಕ್ಕಡಿಯಲ್ಲಿ ಅದನ್ನು ಉಸಿರು ಕಟ್ಟಿ ತೂಗುತ್ತಿದ್ದೆ.
ಬಟ್ಟಲನ್ನು ಕಿಟಕಿಯಾಚೆ ಎಸೆಯುತ್ತಿದ್ದೆ.

ಆಗ ಆ ಬಟ್ಟಲಿನ ಬಗ್ಗೆ ಯೋಚಿಸಿದವನಲ್ಲ.
ಈಗ ಯೋಚಿಸುತ್ತೇನೆ, ಬೇರೆ ಕೆಲಸವಿಲ್ಲ.
ರಾಶಿಯಲ್ಲಿ ಬಿದ್ದ ಒಂದು ಬಟ್ಟಲಿಗೆ ಎಚ್ಚರವಾಗಿ
ತನ್ನ ದುಂಡನ್ನು ತಾನೇ ನೋಡಿಕೊಂಡು
ಎಷ್ಟು ಹದವಾಗಿ ಒತ್ತಿದ್ದಾನೆ ನನ್ನನ್ನು ಅಂತ ಕೈಮುಗಿದರೆ
ತಪ್ಪೇನಿಲ್ಲ. ಒತ್ತಿದ್ದು ನಿಜ, ನಾನೇ ಒತ್ತಿದ್ದೆ.
ಪ್ರೀತಿಯಿಂದ ಅಂದುಕೊಂಡರೆ ಮಾತ್ರ
ಕಿಟಕಿಯ ಈಚೆ ನನಗೆ ನಾಚಿಕೆಯಾಗುತ್ತದೆ.

ದೇವನೇಸನ್ ರೇಗಿದ.
ಕಸದ ಮೇಲೆ ಯಾರಾದರೂ ನಕ್ಷತ್ರ ಕೂರಿಸುತ್ತಾರಾ?
ಹುಣ್ಣಿಮೆಯಲ್ಲಿ ನಮ್ಮ ದಿಬ್ಬ ನೋಡು, ಅಂದೆ.
ಮಿನುಗಲಿ ಅಂತ ಸುರಿದದ್ದಲ್ಲ ಅದನ್ನು.

ಅವನಪ್ಪ, ನಂದಿದುರ್ಗ ಗಣಿಯ ಆಳದಲ್ಲಿ ಬಂಡೆ ಸಿಡಿದ ದಿನ, ಉಳಿದ.
ಪಕ್ಕದ ಮೂವರು ಉಳಿಯಲಿಲ್ಲ.
‘ಉಳಿಸಿದ’ ಅನ್ನುತ್ತಾನೆ ದೇವನೇಸನ್.
ಕ್ರಿಯಾಪದಕ್ಕೆ ಕರ್ತೃ ಇಲ್ಲದೆ ನಿದ್ದೆ ಬಾರದು ಅವನಿಗೆ.
ಆದರೆ ಮಾಣಿಕ್ಕಂ, ಯೇಸುಪಾದಂ, ಗಂಗುಲಪ್ಪ,
ಆ ಮೂರು ಹೆಸರು ನೆನಪಿಟ್ಟವನೂ ಅವನೇ.
ವರ್ಷಕ್ಕೊಮ್ಮೆ ಮೂರು ಮೇಣದಬತ್ತಿ ಹಚ್ಚುತ್ತಾನೆ.
ಯಾಕೆ ಅಂತ ನಾನು ಕೇಳಿಲ್ಲ.
ವಾದಕ್ಕೂ ಒಂದು ಆಳವಿದೆ; ಅದರ ಕೆಳಗೆ ಕಲ್ಲೇ ಸುಡುತ್ತದೆ,
ಗಾಳಿ ಕಳಿಸದೆ ಯಾರನ್ನೂ ಇಳಿಸಬಾರದು.

ಮೊನ್ನೆ ಪೇಪರು ಮಡಚಿಕೊಂಡು ಬಂದ, ಆಟ ಗೆದ್ದವನ ಹಾಗೆ.
ದಿಬ್ಬವನ್ನು ಮತ್ತೆ ಜಾಲಿಸುತ್ತಾರಂತೆ,
ಟನ್ನಿಗೆ ಮುಕ್ಕಾಲು ಗ್ರಾಂ ಇನ್ನೂ ಇದೆಯಂತೆ.
ನೋಡಿದೆಯಾ? ಬಿಟ್ಟು ಹೋಗಿಲ್ಲ. ತಿರುಗಿ ಬರ್ತಾನೆ.

ಹಳೇ ಚಾಳಿ, ಲೆಕ್ಕ ಹಾಕಿದೆ.
ನನ್ನ ಅರವತ್ತೆರಡು ಕಿಲೋಗೆ ನಲವತ್ತಾರು ಮಿಲಿಗ್ರಾಂ, ಚಿಲ್ಲರೆ.
ನನ್ನ ತಕ್ಕಡಿಯ ಮುಳ್ಳು ಒಂದಕ್ಕೂ ಅಲುಗುತ್ತಿತ್ತು.
ಆದರೆ ಅಷ್ಟು ತೆಗೆಯಲು ಮಿಕ್ಕ ನನ್ನನ್ನು
ಮತ್ತೆ ಅರೆಯಬೇಕು, ಮತ್ತೆ ವಿಷದ ನೀರಲ್ಲಿ ಕಲಕಬೇಕು.
ಅವನು ಬಂದರೂ ನನಗಾಗಿ ಬರುವುದಿಲ್ಲವಲ್ಲೋ,
ನನ್ನೊಳಗಿನ ಅದಕ್ಕಾಗಿ ಬರುವುದು.

‘ಅದೇ ನೀನು’ ಅಂದ ದೇವನೇಸನ್, ಕನ್ನಡಕ ಒರೆಸುತ್ತ.

ನನಗೆ ಏನೂ ಹೊಳೆಯಲಿಲ್ಲ.
ಸೈರನ್ ಇದ್ದಿದ್ದರೆ ಕೂಗುವ ಹೊತ್ತು.

ಅಷ್ಟರಲ್ಲಿ ಶೈನಿ, ರಟ್ಟಿನ ತುಂಡಿನ ಮೇಲೆ ಕೂತು
ದಿಬ್ಬದಿಂದ ಜಾರಿ, ಹತ್ತಿ, ಮತ್ತೆ ಜಾರಿ,
ರೆಪ್ಪೆಯವರೆಗೂ ಬಿಳಿಚಿಕೊಂಡು ಬಂದು ನಿಂತಿದ್ದಳು.
ತಾತ, ಇದನ್ನು ಸುರಿದವರಿಗೆ ಗೊತ್ತಿತ್ತಾ,
ಹೀಗೆ ಜಾರಬಹುದು ಅಂತ?

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.
ಕೆಮ್ಮು ಬರುತ್ತೆ, ಮೊದಲು ಬಾಯಿ ತೊಳಿ,
ಅಂದೆವು, ಇಬ್ಬರೂ ಒಟ್ಟಿಗೇ.